ಕುಸುಬಿ ಎಣ್ಣೆಯ ಪೆನ್ನು

ಬೈಲಹೊಂಗಲದ ಪೇಟೆಯಲ್ಲಿ ಪೆನ್ನು ರಿಪೇರಿ ಮಾಡುವ ಹುಸೇನಪೀರನ ಅಂಗಡಿ ಎಷ್ಟು ಚಿಕ್ಕದೆಂದರೆ, ಅವನು ಉಸಿರು ಎಳೆದುಕೊಂಡರೆ ಗಿರಾಕಿ ಹೊರಗೆ ಹೋಗಬೇಕು, ಬಿಟ್ಟರೆ ಒಳಗೆ ಬರಬೇಕು. ಅವನ ಬಾಯಿ ಮಾತ್ರ ಅಂಗಡಿಗಿಂತ ಹದಿನಾರು ಪಟ್ಟು ದೊಡ್ಡದು. ನವಿಲುತೀರ್ಥದ ಡ್ಯಾಮಿನಲ್ಲಿ ಬಿದ್ದು ಹನ್ನೊಂದು ವರ್ಷ ಮೀನಿನ ಹೊಟ್ಟೆಯಲ್ಲಿದ್ದ ಪೆನ್ನಿನಲ್ಲಿ ತಾನು ಬರೆಸಿದ್ದು, ಅದು ಮೊದಲ ಸಾಲನ್ನು ಈಜುತ್ತಲೇ ಬರೆದದ್ದು, ತೊರಗಲ್ಲಿನ ಕೋಟೆಗೋಡೆಯ ಸಂದಿಯಲ್ಲಿ ಸಿಕ್ಕ ನಿಬ್ಬನ್ನು ಕಣ್ಣು ಮುಚ್ಚಿಕೊಂಡು ನೆಟ್ಟಗೆ ಮಾಡಿದ್ದು, ಇವನ್ನೆಲ್ಲ ಕೇಳದೆ ಅಲ್ಲಿ ಯಾರಿಗೂ ಒಂದು ರೀಫಿಲ್ ಕೂಡ ಸಿಗುತ್ತಿರಲಿಲ್ಲ. ಹಿಂಬದಿಯ ತಿರುಪು ತಿರುಗಿಸಿದರೆ ಪಿಚಕಾರಿಯಂತೆ ಶಾಯಿ ಹೀರುವ ಹಳೆಯ ಪಿಸ್ಟನ್ ಪೆನ್ನುಗಳನ್ನಂತೂ ಏಳುನೂರು ಬಿಚ್ಚಿದ್ದೇನೆ ಎನ್ನುತ್ತಿದ್ದ. ಬಿಚ್ಚಿದ್ದು ಎರಡು. ಅದರಲ್ಲೊಂದು ಅವನ ಕೈಯಲ್ಲೇ ಎರಡು ತುಂಡಾಗಿತ್ತು, ಹಾಗಾಗಿ ಮೂರು ಅಂದರೂ ನಡೆಯುತ್ತದೆ.

ಇಂಥ ಹುಸೇನಪೀರ ತನ್ನ ಅರವತ್ತನಾಲ್ಕು ವರ್ಷದಲ್ಲಿ ಹುಲಿಗೆ ಹೆದರಿರಲಿಲ್ಲ, ಹಾವಿಗೆ ಹೆದರಿರಲಿಲ್ಲ. ಎರಡನ್ನೂ ನೋಡಿರಲಿಲ್ಲ ಎನ್ನುವುದು ಬೇರೆ ಮಾತು. ಅವನು ಹೆದರುತ್ತಿದ್ದದ್ದು ಭೂಮಿಯ ಮೇಲೆ ಒಬ್ಬರಿಗೇ. ಆ ಒಬ್ಬರು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ದೊಡವಾಡದ ಬಸ್ಸಿನಿಂದಿಳಿದು, ದಾರಿ ಕೇಳುತ್ತ ಕೇಳುತ್ತ, ಅಂಗಡಿಯ ಮುಂದೆ ಬಂದು ನಿಂತರು.

ಶಟ್ಟೆಪ್ಪ ಮಾಸ್ತರರು. ಒಂದು ಕಾಲದಲ್ಲಿ ಅವರು ಕ್ಲಾಸಿನಲ್ಲಿ ಗಂಟಲು ಸರಿಪಡಿಸಿಕೊಂಡರೆ ಅತ್ತ ಕಿತ್ತೂರಿನಲ್ಲಿ ಮದುವೆಯ ಬ್ಯಾಂಡು ನಿಲ್ಲುತ್ತಿತ್ತು. ಬೆತ್ತ ಎತ್ತಿದರೆ ಸವದತ್ತಿಯ ಗುಡ್ಡದ ಮಂಗಗಳು ಮರ ಬದಲಾಯಿಸುತ್ತಿದ್ದವು. ಈಗ ಅವರಿಗೆ ಎಂಬತ್ತನಾಲ್ಕು. ಆಗ ಹುಡುಗರ ಮೇಲೆ ಬೀಳುತ್ತಿದ್ದ ಬೆತ್ತ ಈಗ ಅವರನ್ನು ಬೀಳದಂತೆ ಹಿಡಿದುಕೊಂಡಿತ್ತು. ಆದರೂ ಅವರ ನೆರಳು ಕಟ್ಟೆಯ ಮೇಲೆ ಬಿದ್ದ ಕೂಡಲೇ ಹುಸೇನಪೀರ ಎದ್ದು ನಿಂತ, ತಲೆ ಮಾಳಿಗೆಯ ತೊಲೆಗೆ ಬಡಿಯಿತು, ನೋವು ಮಾತ್ರ ಅಂಗೈಯಲ್ಲಿ ಆಯಿತು.

ಮಾಸ್ತರರು ಕುರ್ಚಿಯಲ್ಲಿ ಕುಳಿತು, ಕಿಸೆಯಿಂದ ಒಂದು ಕರವಸ್ತ್ರ ತೆಗೆದು ಮಡಿಕೆ ಬಿಚ್ಚತೊಡಗಿದರು. ಮಡಿಕೆಗಳು ನಾಲ್ಕಿದ್ದವು. ಎರಡನೆಯದು ಬಿಚ್ಚುವ ಮೊದಲೇ ಒಳಗೆ ಏನಿದೆ ಎಂದು ಹುಸೇನಪೀರನಿಗೆ ಗೊತ್ತಾಯಿತು. ಅವನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ, ಎದುರಿನ ಗಡಿಯಾರದ ಅಂಗಡಿಯವನು ತನ್ನ ಕೆಟ್ಟ ಗಡಿಯಾರಗಳೆಲ್ಲ ಒಮ್ಮೆಲೇ ಶುರುವಾದವೋ ಏನೋ ಎಂದು ತಲೆ ಎತ್ತಿ ನೋಡಿದ.

ಜರ್ಮನಿಯ ಪೆನ್ನು. ಹಸಿರು ಮೈ, ಕಪ್ಪು ತಿರುಪು, ಬಂಗಾರದ ನಿಬ್ಬು. ಅದರ ಹೊಟ್ಟೆಯಲ್ಲಿ ಐವತ್ತೆರಡು ವರ್ಷದಿಂದ ಏನಿತ್ತು ಎಂಬುದು ಇಡೀ ದುನಿಯಾದಲ್ಲಿ ಹುಸೇನಪೀರನೊಬ್ಬನಿಗೇ ಗೊತ್ತು. ಏಕೆಂದರೆ ಹಾಕಿದವನು ಅವನೇ.

ಆಗ ಅವನು ಏಳನೆಯ ಇಯತ್ತೆ. ದೊಡವಾಡದ ಆಚೆ ಒಂದು ಸಣ್ಣ ಹಳ್ಳಿಯ ಸಾಲಿ. ದಸರೆಯ ಖಂಡೆಪೂಜೆಗೆ ಮನೆಯಲ್ಲಿ ಕುಡಗೋಲು, ಕೊಡಲಿ ಪೂಜೆಗಿಡುವಂತೆ ಸಾಲಿಯಲ್ಲಿ ಗಂಟೆ, ಭೂಮಿಯ ಗೋಲ, ಕಂಪಾಸು ಪೆಟ್ಟಿಗೆ, ಮಾಸ್ತರರ ಪೆನ್ನು, ಎಲ್ಲವನ್ನೂ ತೊಳೆದು ಒರೆಸಿ ತಾಟಿನಲ್ಲಿಡುವುದು ಪದ್ಧತಿ. ಆ ವರ್ಷ ತೊಳೆಯುವ ಪಾಳಿ ಅದೇ ಇಯತ್ತೆಯ ಲಗಮಿಯದು. ಲೆಕ್ಕದಲ್ಲಿ ಅವಳಷ್ಟು ಚುರುಕು ಹುಡುಗಿ ಆ ಕಡೆಯ ನಲವತ್ತು ಹಳ್ಳಿಗಳಲ್ಲಿ ಇರಲಿಲ್ಲ. ಮಾಸ್ತರರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು. ಅವಳು ಹುಣಸೆಹಣ್ಣಿನಿಂದ ಗಂಟೆ ತಿಕ್ಕಿ ಕೈ ತೊಳೆಯಲು ಬಾವಿಗೆ ಹೋದಾಗ ಹುಸೇನ ಮೆಲ್ಲಗೆ ಒಳಗೆ ನುಗ್ಗಿದ. ಅವನ ಅಪ್ಪ ಕೀಲಿ, ಕಂದೀಲು ರಿಪೇರಿ ಮಾಡುವವ. ಅಪ್ಪನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು: ತಿರುಗದ ವಸ್ತುವಿಗೆ ಒಂದು ಹನಿ ಕುಸುಬಿ ಎಣ್ಣೆ, ತಿರುಗುವ ವಸ್ತುವಿಗೆ ಎರಡು. ಹುಡುಗ ಚಿಮಣಿಯಷ್ಟು ಸಣ್ಣ ಬಾಟಲಿಯಲ್ಲಿ ಮನೆಯಿಂದ ಎಣ್ಣೆ ತಂದಿದ್ದ. ಪೆನ್ನಿನ ಮೂತಿಯನ್ನು ಅದರಲ್ಲಿ ಅದ್ದಿ, ಹಿಂದಿನ ತಿರುಪು ತಿರುಗಿಸಿ, ಹೊಟ್ಟೆ ತುಂಬ ಎಣ್ಣೆ ಕುಡಿಸಿ, ಒರೆಸಿ, ತಾಟಿನಲ್ಲಿಟ್ಟ. ಮಾಸ್ತರರು ನಾಳೆ ಬರೆದಾಗ ಬೆಣ್ಣೆಯಂತೆ ಜಾರುತ್ತದೆ, ಯಾರು ಮಾಡಿದರು ಎಂದು ಕೇಳುತ್ತಾರೆ, ಕೈ ಎತ್ತೋಣ ಎಂದು ಅವನ ಎಣಿಕೆ.

ಮರುದಿನ ಅವರು ಬರೆಯಲಿಲ್ಲ. ಪೂಜೆಗಿಟ್ಟ ಪೆನ್ನನ್ನು ಮುಟ್ಟುವಂತಿಲ್ಲ. ಅದರ ಬೆನ್ನಿಗೇ ದಸರೆಯ ರಜೆ. ಕುಸುಬಿ ಎಣ್ಣೆ ದಿನಾ ತಿರುಗುವ ಕೀಲಿಯಲ್ಲಿ ಎಣ್ಣೆ, ಕುಳಿತಲ್ಲೇ ಕುಳಿತರೆ ಗೋಂದು. ತಿಂಗಳ ಮೇಲೆ ಮಾಸ್ತರರು ತಿರುಪು ತಿರುಗಿಸಿದಾಗ ಅದು ಅರ್ಧಕ್ಕೆ ಹಿಡಿದು ನಿಂತಿತು. ತೊಳೆದವರು ಯಾರೆಂದು ಕೇಳಿದರು. ಪಾಳಿಯ ಪಟ್ಟಿಯಲ್ಲಿ ಲಗಮಿಯ ಹೆಸರಿತ್ತು. ನಾನು ಏನೂ ಮಾಡಿಲ್ಲ ಎಂದಳು. ಸುಳ್ಳಿಗೆ ಎರಡು, ಪೆನ್ನಿಗೆ ಎರಡು, ಒಟ್ಟು ನಾಲ್ಕು ಬಿದ್ದವು. ಮರುದಿನ ಅವಳ ಅಜ್ಜಿ, ಬಡಿಸಿಕೊಳ್ಳಲು ಸಾಲಿ ಯಾಕೆ, ಮನೆಯಲ್ಲೇ ಆಗುತ್ತದೆ ಎಂದು ಅವಳನ್ನು ಬಿಡಿಸಿ ಹೊಲಕ್ಕೆ ಕಳಿಸಿದಳು. ಹುಸೇನನ ಬಾಯಿ ಹುಟ್ಟಿದಾಗಿನಿಂದ ಮುಚ್ಚಿದ್ದು ಆ ಒಂದು ದಿನ. ಆಮೇಲೆ ಐವತ್ತೆರಡು ವರ್ಷ ಅದು ಬೇರೆ ಎಲ್ಲವನ್ನೂ ಹೇಳಿತು, ಅದೊಂದನ್ನು ಬಿಟ್ಟು.

ಈಗ ಕಷ್ಟ ಏನೆಂದರೆ, ಆ ಲಗಮಿ, ಈಗಿನ ಲಗಮವ್ವ, ಎಲ್ಲೋ ದೂರ ಇರಲಿಲ್ಲ. ಅವನ ಅಂಗಡಿಗೂ ಅವಳ ಖಾನಾವಳಿಗೂ ನಡುವೆ ಇದ್ದದ್ದು ಒಂದು ತಗಡು. ಆ ತಗಡಿನಾಚೆಯಿಂದ ಇಪ್ಪತ್ತಾರು ವರ್ಷ ಅವನಿಗೆ ಮಧ್ಯಾಹ್ನದ ರೊಟ್ಟಿ ಬಂದಿತ್ತು. ಕಟ್ಟಿಗೆ ಒಲೆಯ ಮುಂದೆ ಕುಳಿತು ಅವಳು ರೊಟ್ಟಿ ಬಡಿದರೆ ಅವನ ನಿಬ್ಬುಗಳು ಡಬ್ಬಿಯಲ್ಲಿ ಕುಣಿಯುತ್ತಿದ್ದವು.

"ಏಳುನೂರು ಬಿಚ್ಚೀ ಅಂತಲ್ಲೋ ಹುಸೇನ," ಎಂದರು ಮಾಸ್ತರರು. "ಇದೊಂದು ಬಿಚ್ಚು. ನನ್ನ ಮುಂದ ಬಿಚ್ಚು."

ಬಿಟ್ಟು ಹೋಗಿರಿ, ಎಂಟು ದಿನ ಬೇಕು ಎಂದ. ಇಲ್ಲೇ ಕೂತಿರುತ್ತೇನೆ ಎಂದರು. ಇಷ್ಟು ಹಳೆಯದು, ಬರೆಯುವುದು ಕಷ್ಟ, ಸಂತೆಯಲ್ಲಿ ಹೊಸದು ಸಿಗುತ್ತದೆ ಎಂದ.

"ಬರಿಯಾಕ ತಂದಿಲ್ಲೋ. ಒಳಗ ಏನೈತಿ ನೋಡಾಕ ತಂದೇನಿ." ಮಾಸ್ತರರು ಬೆತ್ತದ ಹಿಡಿಯ ಮೇಲೆ ಗದ್ದವಿಟ್ಟರು. "ಆ ಲಗಮಿ, ನಾ ಏನೂ ಮಾಡಿಲ್ರಿ ಸರ ಅಂದ್ಲು. ಅದು ನನ್ನ ಕಿವ್ಯಾಗ ಕುಂತೈತಿ, ಏಳವಲ್ದು. ಬರೇ ಶಾಯಿ ಒಣಗಿ ಹಿಡಿದಿದ್ರ ಯಾರ ತಪ್ಪೂ ಅಲ್ಲ, ನಾ ಸುಮ್ನ ಹೊಡದೆ. ಬ್ಯಾರೆ ಏನರ ಇದ್ರ ಯಾರೋ ಹಾಕ್ಯಾರ. ನಾ ಹೋಗೂದ್ರಾಗ ತಿಳೀಬೇಕು."

ತಗಡಿನ ಆಚೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಹುಸೇನಪೀರನ ಬೆನ್ನಿನ ಬೆವರು ಇಳಿದು ಪೈಜಾಮೆ ದಾಟಿ ಚಪ್ಪಲಿಗೆ ಬಂತು. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಮಲಪ್ರಭೆಗೆ ಸೇರುತ್ತಿತ್ತು. ಆದರೂ ಅವನ ತಲೆ ಓಡಿತು. ಮಾಸ್ತರರೇ ದಾರಿ ತೋರಿಸಿದ್ದರು. ಒಣಗಿದ ಶಾಯಿ ಎಂದು ಹೇಳಿಬಿಟ್ಟರೆ ಮುಗಿಯಿತು: ಲಗಮವ್ವನೂ ನಿರ್ದೋಷಿ, ತಾನೂ ಪಾರು. ಹೇಗಾದರೂ ಬೆಚ್ಚಗಿನ ನೀರಿನಲ್ಲೇ ಇದು ಬಿಡಬೇಕು, ಬಿಟ್ಟ ಕೂಡಲೇ ಒಳಗಿನದನ್ನು ತಿಕ್ಕಿ ಚೆಲ್ಲಬೇಕು.

ಒಂದು ಗ್ಲಾಸಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಪೆನ್ನನ್ನು ಮುಳುಗಿಸಿದ. ಈ ಪೆನ್ನುಗಳಿಗೆ ಬಿಸಿನೀರು ಆಗಿಬರುವುದಿಲ್ಲ, ಮೈ ಸೊಟ್ಟಗಾಗುತ್ತದೆ. ನಿಬ್ಬಿನ ಸಂದಿಯಿಂದ ಒಂದು ಎಳೆ ನೀಲಿ ಬಂತು. ಶಾಯಿ ರೀ ಸರ, ಶಾಯಿ, ಎಂದು ತೋರಿಸಿದ. ಎಳೆ ಅಲ್ಲಿಗೇ ಮುಗಿಯಿತು. ಕಾಲು ತಾಸು, ಅರ್ಧ ತಾಸು, ಮುಕ್ಕಾಲು ತಾಸು. ತಿರುಪು ಸಾಸಿವೆಯಷ್ಟೂ ಅಲುಗಲಿಲ್ಲ. ಎಣ್ಣೆಯ ಗೋಂದಿಗೆ ನೀರು ಏನು ಮಾಡೀತು? ಆ ಮಾತನ್ನು ಅವನು ಮನಸ್ಸಿನಲ್ಲಿ ಕೂಡ ಮೆಲ್ಲಗೆ ಆಡಿಕೊಂಡ, ಮಾಸ್ತರರಿಗೆ ಎಲ್ಲಿ ಕೇಳಿಸುತ್ತದೋ ಎಂದು.

"ಶಾಯಿ ಆಗಿದ್ರ ನೀರಿಗೆ ಬಿಡಬೇಕಿತ್ತಲ್ಲ," ಎಂದರು ಮಾಸ್ತರರು.

ಹುಸೇನಪೀರ ಸೈಕಲ್ ಟ್ಯೂಬಿನ ಪಟ್ಟಿಯನ್ನು ಪೆನ್ನಿನ ಮೈಗೆ ಸುತ್ತಿ, ಇನ್ನೊಂದನ್ನು ತಿರುಪಿಗೆ ಸುತ್ತಿ, ಎರಡು ಕೈಯಿಂದ ಹಿಡಿದು ಹಿಂಡಿದ. ಏನೂ ಆಗಲಿಲ್ಲ. ಇನ್ನಷ್ಟು ಹಿಂಡಿದ. ಆಗ ಚಿಟ್ ಎಂದು ಒಂದು ಸದ್ದು ಬಂತು. ಅದು ಇರುವೆ ಲಟಿಗೆ ಮುರಿದಷ್ಟು ಸಣ್ಣ ಸದ್ದು. ಅವನಿಗೆ ಮಾತ್ರ ರಾಮದುರ್ಗದ ಗುಡ್ಡ ನಡುವೆ ಸೀಳಿದ ಹಾಗೆ ಕೇಳಿಸಿತು. ಪಟ್ಟಿ ಸರಿಸಿ ನೋಡಿದ. ಹಸಿರು ಮೈಯ ಅಂಚಿನಲ್ಲಿ ಕೂದಲೆಳೆಯಷ್ಟು ಒಂದು ಗೆರೆ.

ಇನ್ನೊಂದು ಹಿಂಡು ಹಿಂಡಿದರೆ ಪೆನ್ನು ಎರಡು ತುಂಡು.

ಮತ್ತು ಆ ಗೆರೆಯನ್ನು ನೋಡುತ್ತಿದ್ದಂತೆಯೇ ಅವನಿಗೆ ಹೊಳೆಯಿತು: ಆಗಲಿ. ಹಳೆಯ ಮಾಲು, ಮುರೀತು, ನಾನೇನು ಮಾಡಲಿ ಸರ, ಎಂದರೆ ಮುಗಿಯಿತು. ಚೂರುಗಳನ್ನು ಬಳಿದು ಗಟಾರಕ್ಕೆ ಹಾಕಿದರೆ ಕುಸುಬಿ ಎಣ್ಣೆಯೂ ಹೋಯಿತು, ಐವತ್ತೆರಡು ವರ್ಷವೂ ಹೋಯಿತು. ಮಾಸ್ತರರು ತಿಳಿಯದೇ ಊರಿಗೆ ಹೋಗುತ್ತಾರೆ, ತಿಳಿಯದೇ ಹೋಗಿಬಿಡುತ್ತಾರೆ. ಮಧ್ಯಾಹ್ನಕ್ಕೆ ರೊಟ್ಟಿ ಬರುತ್ತದೆ. ಬೇಕಾದದ್ದು ಒಂದೇ ಹಿಂಡು.

ಅವನು ಪಟ್ಟಿ ಸರಿಮಾಡಿ ಹಿಡಿದ. ಕೈಗೆ, ತಿರುಗು ಎಂದ. ಕೈ ತಿರುಗಲಿಲ್ಲ. ಮತ್ತೆ ಹೇಳಿದ. ಬೆರಳುಗಳು ತಾವೇ ಸಡಿಲಾದವು. ಅವನ ಬಾಯಿ ಏಳುನೂರು ಸುಳ್ಳು ಹೇಳಿದ್ದರೂ ಕೈ ಒಂದೂ ಹೇಳಿರಲಿಲ್ಲ. ನಲವತ್ತು ವರ್ಷ ಪೆನ್ನು ನೆಟ್ಟಗೆ ಮಾಡಿದ ಕೈಗೆ ಬೇಕೆಂದೇ ಮುರಿಯುವುದು ಹೇಗೆಂದು ಗೊತ್ತೇ ಇರಲಿಲ್ಲ. ಅವನಿಗೆ ಅಂದು ತನ್ನ ಕೈಯ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ.

ಈ ಪೆನ್ನು ಮುರಿಯದೆ ಬಿಡಬೇಕೆಂದರೆ ಉಪಾಯ ಒಂದೇ. ಎಣ್ಣೆಯ ಗೋಂದಿಗೆ ಬೂದಿನೀರು. ಬೂದಿಯನ್ನು ನೀರಲ್ಲಿ ಕದಡಿ, ಕೆಳಗೆ ಕೂತ ಮೇಲೆ ಮೇಲಿನ ತಿಳಿ ತೆಗೆದಿಟ್ಟರೆ, ಕಡಾಯಿಗೆ ಕಚ್ಚಿದ ಹತ್ತು ವರ್ಷದ ಜಿಡ್ಡನ್ನೂ ಅದು ಎಬ್ಬಿಸುತ್ತದೆ. ಬೈಲಹೊಂಗಲದ ಪೇಟೆಯಲ್ಲಿ ಬೂದಿನೀರು ಇದ್ದದ್ದು ಒಂದೇ ಕಡೆ, ತಗಡಿನ ಆಚೆ. ಕೇಳಿದರೆ ಸಿಗುತ್ತದೆ. ಆದರೆ ಕೇಳುವುದು ಎಂದರೆ ಒಳಗೆ ಎಣ್ಣೆ ಇದೆ ಎಂದು ಹೇಳುವುದು. ಬಿಚ್ಚದ ಪೆನ್ನಿನೊಳಗೆ ಎಣ್ಣೆ ಇದೆ ಎಂದು ಹಾಕಿದವನಿಗಲ್ಲದೆ ಯಾರಿಗೆ ಗೊತ್ತಿರುತ್ತದೆ?

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅಂಥ ಬಾಯಿ ಅಂದು ಒಣಗಿ ನಾಲಗೆ ಅಂಗುಳಕ್ಕೆ ಹಿಡಿದುಕೊಂಡಿತ್ತು, ಥೇಟ್ ಆ ಪಿಸ್ಟನ್ನಿನ ಹಾಗೆ.

"ಲಗಮಕ್ಕ," ಎಂದ ಕೊನೆಗೆ, ಸೊಳ್ಳೆಗೂ ಕೇಳದಷ್ಟು ಮೆಲ್ಲಗೆ. "ಒಂದೀಟು ಬೂದಿನೀರು ಕೊಡವಾ."

ಮಾಸ್ತರರ ಗದ್ದ ಬೆತ್ತದಿಂದ ಮೇಲೆದ್ದಿತು. ಆ ಹೆಸರಿಗೆ.

ಲಗಮವ್ವ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಬೂದಿನೀರಿನ ಲೋಟ, ಮೊಣಕೈವರೆಗೆ ಜೋಳದ ಹಿಟ್ಟು. ಮಾಸ್ತರರಿಗೆ ನಮಸ್ಕಾರ ಮಾಡಲಿಲ್ಲ, ಅವರತ್ತ ನೋಡಲೂ ಇಲ್ಲ. ಗ್ಲಾಸಿನಲ್ಲಿದ್ದ ಪೆನ್ನನ್ನು ನೋಡಿದಳು.

"ಬೂದಿನೀರು ಎಣ್ಣಿ ಜಿಡ್ಡಿಗೆ ಹಾಕ್ತಾರ, ಹುಸೇನಣ್ಣ. ಪೆನ್ನಿನಾಗ ಎಣ್ಣಿ ಯಾಕ ಬಂತು?"

ಅವಳು ಕೇಳಿದ್ದು ರೊಟ್ಟಿ ಇನ್ನೊಂದು ಬೇಕೇ ಎಂದು ಕೇಳುವ ದನಿಯಲ್ಲೇ. ಪೇಟೆ ನಿಂತುಬಿಟ್ಟಿತು. ಹತ್ತಿಯ ಲಾರಿಗಳು ನಿಂತವು, ಸಂತೆಯ ಸವಾಲು ನಿಂತಿತು, ಬಿಸಿಲು ಕೂಡ ಒಂದು ಗಳಿಗೆ ತಡೆದು ನಿಂತಿತು. ಕನಿಷ್ಠ ಹುಸೇನಪೀರನಿಗೆ ಹಾಗೆ ಅನ್ನಿಸಿತು.

"ಕುಸುಬಿ ಎಣ್ಣಿ," ಎಂದ. "ನಮ್ಮಪ್ಪನ ಬಾಟಲೀದು. ನೀ ಬಾವೀಗೆ ಹೋಗಿದ್ದಿ. ಚಲೋ ತಿರಗಲಿ ಅಂತ ಹಾಕಿದೆ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಹೆದರಿದ್ದೆ."

"ಅಲ್ಲಿಂದ ಇಲ್ಲೀಮಟಾ?"

"ಇಲ್ಲೀಮಟಾ."

ಮಾಸ್ತರರ ಬೆತ್ತ ನೆಲದ ಮೇಲೆ ಒಮ್ಮೆ ಟಕ್ ಎಂದಿತು. ಹುಸೇನಪೀರ ಕಣ್ಣು ಮುಚ್ಚಿದ. ಅವನ ಬಲಗೈ, ಯಾರೂ ಹೇಳದೆಯೇ, ಅಂಗೈ ಮೇಲಾಗಿ ಮುಂದಕ್ಕೆ ಬಂದಿತ್ತು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅಂಗೈಯಲ್ಲಿ ಲೋಟವಿತ್ತು.

"ಮೊದಲ ಪೆನ್ ಬಿಚ್ಚು," ಎಂದಳು ಲಗಮವ್ವ. "ನೀವಿಬ್ಬರೂ ಬಾಯಿಂದ ಹೇಳಿದ್ದು ನಾ ನಂಬಂಗಿಲ್ಲ. ಕಣ್ಣಿಂದ ನೋಡತೇನಿ."

ಬೂದಿನೀರಿಗೆ ಅಷ್ಟೇ ಸಾದಾ ನೀರು ಬೆರೆಸಿ, ಪಿಚಕಾರಿಯಿಂದ ಹನಿ ಹನಿಯಾಗಿ ಪೆನ್ನಿನ ಮೂತಿಯೊಳಗೆ ಬಿಟ್ಟು, ನಿಲ್ಲಿಸಿ ಇಟ್ಟ. ಮೂವರೂ ಕಾದರು. ಅವನ ಜೀವನದಲ್ಲಿ ಅಷ್ಟು ಉದ್ದದ ಒಂದು ತಾಸು ಬಂದಿರಲಿಲ್ಲ. ಆ ತಾಸಿನಲ್ಲಿ ಎರಡು ಚುನಾವಣೆ, ಒಂದು ಬರಗಾಲ ಮುಗಿಸಬಹುದಿತ್ತು. ಮಧ್ಯೆ ಒಬ್ಬ ಕಾಲೇಜು ಹುಡುಗಿ ಜೆಲ್ ಪೆನ್ನು ಕೇಳಲು ಬಂದವಳು ಮೂರು ಮುಖ ನೋಡಿ ಹಾಗೇ ತಿರುಗಿ ಹೋದಳು. ಗೆರೆ ಬಿಟ್ಟ ಮೈ ಬೂದಿನೀರಿನ ಖಾರಕ್ಕೆ ಇನ್ನೂ ಸೀಳಿದರೆ ಎಂದು ಅವನು ಎರಡು ನಿಮಿಷಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಿದ್ದ.

ತಾಸಿನ ಮೇಲೆ ಪಟ್ಟಿ ಸುತ್ತಿ ತಿರುಪನ್ನು ಹಿಡಿದ. ಹಿಂಡಲಿಲ್ಲ. ಹಸುಗೂಸಿನ ಕಿವಿ ಮುಟ್ಟುವ ಹಾಗೆ ಮುಟ್ಟಿ, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ. ಅತ್ತ. ಇತ್ತ. ಹನ್ನೊಂದನೆಯ ಸಲ ಏನೋ ಒಳಗೆ ಜಾರಿತು. ತಿರುಪು ಕಾಲು ಸುತ್ತು ಬಂತು. ಅರ್ಧ. ಒಂದು. ಆಮೇಲೆ ಐವತ್ತೆರಡು ವರ್ಷ ಹಿಡಿದುಕೊಂಡಿದ್ದ ಪಿಸ್ಟನ್ನು ನಿಟ್ಟುಸಿರು ಬಿಟ್ಟಂತೆ ಮುಂದಕ್ಕೆ ಬಂತು, ಮತ್ತು ನಿಬ್ಬಿನ ಬುಡದಿಂದ ಬಿಳಿಯ ಕಾಗದದ ಮೇಲೆ ಹಳದಿ ಬಣ್ಣದ, ಬೆಲ್ಲದ ಪಾಕದಂಥ, ಅಂಟಾದ ಒಂದು ಗುಂಡು ಬಿದ್ದಿತು.

ಲಗಮವ್ವ ಅದನ್ನು ಬೆರಳಿಗೆ ತೆಗೆದುಕೊಂಡು ತಿಕ್ಕಿದಳು, ಮೂಸಿದಳು. ನಲವತ್ತು ವರ್ಷ ಕಡಾಯಿ ತಿಕ್ಕಿದವಳಿಗೆ ಇನ್ನೇನೂ ಬೇಕಿರಲಿಲ್ಲ.

"ಕುಸುಬೀದ," ಎಂದಳು. "ನಮ್ಮ ಮನ್ಯಾಗ ಕುಸುಬಿ ಎಣ್ಣಿ ನಾ ಕಂಡಿದ್ದಿಲ್ರಿ ಸರ. ಎಣ್ಣೀನ ಇರ್ತಿದ್ದಿಲ್ಲ."

ಮಾಸ್ತರರು ಎದ್ದು ನಿಲ್ಲಲು ನೋಡಿದರು, ಆಗಲಿಲ್ಲ. ಕುಳಿತಲ್ಲಿಂದಲೇ ಹೇಳಿದರು.

"ನಾ ಕೇಳಿದ್ದು ಯಾರು ತೊಳದ್ರಿ ಅಂತ. ಏನಾತು ಅಂತ ಕೇಳಬೇಕಿತ್ತು. ಕೇಳಲಿಲ್ಲ, ಲಗಮವ್ವ."

ಲಗಮಿ ಎನ್ನಲಿಲ್ಲ. ಅದನ್ನು ಅವಳು ಗಮನಿಸಿದಳು. ಆದರೂ ಪರವಾಗಿಲ್ಲ ಎಂದು ಹೇಳಲಿಲ್ಲ. ರೊಟ್ಟಿ ತಣ್ಣಗಾಗುತ್ತವೆ, ಉಂಡು ಹೋಗಿರಿ ಎಂದಳು. ಮಾಸ್ತರರು ಉಂಡರು. ಹೋಗುವಾಗ ಪೆನ್ನನ್ನು ಅವಳ ಕಟ್ಟೆಯ ಮೇಲಿಟ್ಟರು, ಅವಳು ಬೇಡ ಎನ್ನಲೂ ಇಲ್ಲ, ತೆಗೆದುಕೊಳ್ಳಲೂ ಇಲ್ಲ. ಬಸ್ಸು ಹೋದ ಮೇಲೆ ಅದನ್ನು ತಂದು ಹುಸೇನಪೀರನ ಮುಂದಿಟ್ಟು, ಪೂರ್ತಿ ನೆಟ್ಟಗೆ ಮಾಡಿಕೊಡು ಎಂದಳು, ತಗಡಿನ ಆಚೆ ಹೋದಳು. ಅಂದು ಅವನಿಗೆ ರೊಟ್ಟಿಯ ತಾಟು ಬರಲಿಲ್ಲ.

ಒಳಗೆ ಪಿಸ್ಟನ್ನಿಗೆ ತೊಡಿಸಿದ್ದ ಬೂಚು ಪುಡಿಯಾಗಿತ್ತು. ಅವನು ವಕೀಲರು ಆಡಿ ಬಿಸಾಕಿದ ಒಂದು ಶಟಲ್ ಕಾಕಿನ ಬೂಚನ್ನು ಕೊರೆದು, ಮೇಣದಲ್ಲಿ ಕುದಿಸಿ, ಪಿಸ್ಟನ್ನಿಗೆ ತೊಡಿಸಿದ, ಗೆರೆಯನ್ನು ಮುಚ್ಚಿದ. ಪೆನ್ನು ಹೊಸದರಂತೆ ಶಾಯಿ ಹೀರಿತು. ಕೊಟ್ಟ. ತಾಟು ಬರಲಿಲ್ಲ. ನಾಲ್ಕು ದಿನ, ಎಂಟು ದಿನ. ಎದುರಿನ ಹೊಟೆಲ್ಲಿನ ಪೂರಿ ತಿಂದು ಅವನು ಎಷ್ಟು ಸೊರಗಿದನೆಂದರೆ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿಗೆ ಜಾಗವಾಯಿತು. ಹನ್ನೊಂದನೆಯ ದಿನ ಬಾಗಿಲಿಗೆ ಹೋಗಿ ನಿಂತು, ಏನು ಮಾಡಿದರೆ ಸಿಟ್ಟು ಇಳಿದೀತು ಎಂದು ಕೇಳಿದ.

"ನೀ ಊರಿಗೆಲ್ಲಾ ಕತಿ ಹೇಳತಿ," ಎಂದಳು ಅವಳು, ಒಲೆಯತ್ತ ಮುಖ ಮಾಡಿಕೊಂಡೇ. "ಇದನ್ನೂ ಹೇಳು. ಬಂದಾವರಿಗೆಲ್ಲಾ ಹೇಳು. ನಾ ಇಲ್ಲೇ ಕೇಳ್ತಿರತೇನಿ."

ಅಂದಿನಿಂದ ಬೈಲಹೊಂಗಲದಲ್ಲಿ ಜರ್ಮನಿ ಪೆನ್ನಿನ ಕಥೆ ಕೇಳದೆ ರೀಫಿಲ್ ಸಿಗುವುದಿಲ್ಲ. ಪೆನ್ನು ಖಾನಾವಳಿಯ ಗೋಡೆಯ ಮೇಲೆ, ಕ್ಯಾಲೆಂಡರಿನ ಮೊಳೆಗೆ ತೂಗುತ್ತದೆ. ಅದರಲ್ಲೇ ಲಗಮವ್ವ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ದಿನಾ ಬರೆದು ಹಚ್ಚುತ್ತಾಳೆ: ಇಂದು ಪುಂಡಿಪಲ್ಯ, ಝುಣಕ. ಏಳನೆಯ ಇಯತ್ತೆಯ ದುಂಡು ಅಕ್ಷರ.

ಹುಸೇನಪೀರನ ಕಥೆಯಲ್ಲಿ ಈಗ ಪೆನ್ನು ಬಿಡಿಸಲು ಮೂರು ಹಗಲು ಹಿಡಿಯುತ್ತದೆ, ತಿರುಪು ತಿರುಗಿದಾಗ ತೊರಗಲ್ಲಿನ ಕೋಟೆಯಿಂದ ಪಾರಿವಾಳ ಏಳುತ್ತವೆ. ಅದಕ್ಕೆಲ್ಲ ಲಗಮವ್ವನ ತಕರಾರಿಲ್ಲ. ಆದರೆ ಎಣ್ಣೆ ಹಾಕಿದ್ದು ಯಾರು ಎಂಬಲ್ಲಿಗೆ ಬಂದು ಅವನು ಕೆಮ್ಮಿದರೆ, ಗಿರಾಕಿಗೆ ಚಹಾ ಬೇಕೇ ಎಂದು ಮಾತು ತಿರುಗಿಸಿದರೆ, ತಗಡಿನ ಆಚೆ ರೊಟ್ಟಿಯ ಸದ್ದು ನಿಲ್ಲುತ್ತದೆ. ಸುಮ್ಮನೆ ನಿಲ್ಲುತ್ತದೆ, ಅಷ್ಟೇ. ಹುಸೇನಪೀರನ ಬಲಗೈ ತಾನೇ ಅಂಗೈ ಮೇಲಾಗಿ ಮುಂದಕ್ಕೆ ಬರುತ್ತದೆ, ಬಾಯಿ ಬಿಚ್ಚಿಕೊಳ್ಳುತ್ತದೆ, ನಾನೇ ಹಾಕಿದ್ದು ಎನ್ನುತ್ತದೆ. ಆ ಮಾತು ಮುಗಿದ ಮೇಲೂ, ರೊಟ್ಟಿಯ ಸದ್ದು ಮತ್ತೆ ಶುರುವಾಗುವ ತನಕ, ಅವನು ಉಸಿರು ಬಿಡುವುದಿಲ್ಲ.